ಗಾಜಿನ ಮೇಲೆ ಕಟ್ಟಿದ ಸೂರು



ಸಿನಿಮಾದ ಚಮತ್ಕಾರದೃಶ್ಯಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ಜಾದೂಗಾರರಿಂದ ಶುರುಮಾಡುತ್ತಾರೆ. ಪ್ಯಾರಿಸ್ಸಿನಲ್ಲಿ ಜಾದೂ ರಂಗಮಂದಿರ ನಡೆಸುತ್ತಿದ್ದ ಜಾರ್ಜ್ ಮೆಲಿಯೆಸ್ ಕ್ಯಾಮೆರಾ ನಿಲ್ಲಿಸಿ ಮತ್ತೆ ತಿರುಗಿಸಿ ಮನುಷ್ಯರನ್ನು ಮಾಯಮಾಡಿದ, ಚಂದ್ರಲೋಕಕ್ಕೆ ಗುಂಡು ಹಾರಿಸಿದ, ಅಲ್ಲಿಂದ ಎಲ್ಲ ಬೆಳೆಯಿತು ಎನ್ನುವುದು ವಾಡಿಕೆಯ ಕಥೆ. ಆ ವಂಶಾವಳಿ ಸುಳ್ಳೇನಲ್ಲ. ಆದರೆ ಅದರಲ್ಲಿ ಒಂದು ಮನೆತನದ ಹೆಸರೇ ಬಿಟ್ಟುಹೋಗಿದೆ. ಅದು ಫೋಟೋ ತೆಗೆದು, ತಿದ್ದಿ, ಬ್ಲಾಕ್ ಮಾಡಿ, ಅಚ್ಚಿಗೆ ಕೊಡುತ್ತಿದ್ದ ಕಸುಬುದಾರರ ಮನೆತನ. ಪರದೆಯ ಮೇಲೆ ಇಲ್ಲದ್ದನ್ನು ಇದೆ ಎಂದು ನಂಬಿಸುವ ವಿದ್ಯೆ ಅರ್ಧಕ್ಕೂ ಹೆಚ್ಚು ಹುಟ್ಟಿದ್ದು ಇವರ ಮೇಜಿನ ಮೇಲೆ ಎಂದು ನಾನು ನಂಬುತ್ತೇನೆ. ಈ ಮಾತಿಗೆ ಆಧಾರವಾಗಿ ಇಬ್ಬರು ಮನುಷ್ಯರ ಬದುಕನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಬ್ಬರು ನಾರ್ಮನ್ ಡಾನ್. ಕನ್ನಡದಲ್ಲಿ ಅವರ ಹೆಸರನ್ನು ಯಾರೂ ಅಷ್ಟಾಗಿ ಬರೆದಿಲ್ಲ. ಇನ್ನೊಬ್ಬರ ಹೆಸರಿನಲ್ಲಿ ದೇಶವೇ ಪ್ರಶಸ್ತಿ ಕೊಡುತ್ತದೆ, ಆದರೆ ಅವರ ಕಸುಬನ್ನು ನಾವು ಮರೆತಿದ್ದೇವೆ.

ಅದಕ್ಕೂ ಮೊದಲು ಸ್ವಲ್ಪ ಹಿಂದಿನ ಮಾತು. ಫೋಟೋ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಎಷ್ಟು ಹಳೆಯದೋ, ಫೋಟೋಗಳನ್ನು ಜೋಡಿಸುವ ಕೆಲಸವೂ ಅಷ್ಟೇ ಹಳೆಯದು. 1850ರ ದಶಕದ ಗಾಜಿನ ಪ್ಲೇಟುಗಳ ರಾಸಾಯನಿಕ ಲೇಪ ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿತ್ತು. ನೆಲ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಪೂರಾ ಬೆಳ್ಳಗಾಗಿ, ಮೋಡವೆಲ್ಲ ಕರಗಿಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ನೆಗೆಟಿವ್ ಬಳಸಿ ದಿಗಂತದ ಗೆರೆಯಲ್ಲಿ ಎರಡನ್ನೂ ಕೂಡಿಸಿದರು. 1857ರಲ್ಲಿ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ದೊಡ್ಡ ಚಿತ್ರ ಕಟ್ಟಿದರು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ ಸಾಯುತ್ತಿರುವ ಹುಡುಗಿಯೊಬ್ಬಳ ಚಿತ್ರ ಮಾಡಿದಾಗ, ಸಾವಿನ ಮನೆಗೆ ಹೋಗಿ ಕ್ಯಾಮೆರಾ ಇಟ್ಟನೇ ಎಂದು ಜನ ನೊಂದುಕೊಂಡರು. ಸಿನಿಮಾ ಹುಟ್ಟಲು ಆಗ ಇನ್ನೂ ಸುಮಾರು ನಾಲ್ಕು ದಶಕ ಬಾಕಿ ಇತ್ತು.

ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ಇದೇ ವಿದ್ಯೆ ಬೇರೊಂದು ಅಗತ್ಯಕ್ಕಾಗಿ ನಡೆಯುತ್ತಿತ್ತು. ತೀರಿಕೊಂಡ ತಾಯಿಯ ಮುಖವನ್ನು ಯಾವುದೋ ಮದುವೆಯ ಗುಂಪುಚಿತ್ರದಿಂದ ಎತ್ತಿ, ದೊಡ್ಡದು ಮಾಡಿ, ತಂದೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕೊಡಿ ಎಂದು ಮಕ್ಕಳು ಬರುತ್ತಿದ್ದರು. ಆ ಕೆಲಸವನ್ನು ನಾನೂ ಮಾಡಿದ್ದೇನೆ. ಎರಡು ಚಿತ್ರಗಳಲ್ಲಿ ಬೆಳಕು ಒಂದೇ ಕಡೆಯಿಂದ ಬಂದಿದೆಯೇ, ಮೂಗಿನ ನೆರಳು ಯಾವ ಕೆನ್ನೆಗೆ ಬಿದ್ದಿದೆ, ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇತ್ತೇ ಮೇಲಿತ್ತೇ ಎಂದು ನೋಡದೆ ಅಂಟಿಸಿದರೆ, ಕತ್ತರಿ ಎಷ್ಟೇ ಚೊಕ್ಕಟವಾಗಿ ಓಡಿದ್ದರೂ ಮನೆಯವರ ಕಣ್ಣಿಗೆ ಅದು ಅಮ್ಮನಂತೆ ಕಾಣುವುದಿಲ್ಲ. ಏನು ತಪ್ಪಾಗಿದೆ ಎಂದು ಅವರಿಗೆ ಹೇಳಲು ಬರುವುದಿಲ್ಲ. ಏನೋ ತಪ್ಪಾಗಿದೆ ಎಂದು ಮಾತ್ರ ಗೊತ್ತಾಗುತ್ತದೆ. ಇಂದಿನ ಕೋಟಿಗಟ್ಟಲೆ ರೂಪಾಯಿಯ ಚಿತ್ರಗಳಲ್ಲೂ ದೃಶ್ಯವೊಂದು ಕೆಡುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ.

ಈಗ ನಾರ್ಮನ್ ಡಾನ್ ಅವರ ವಿಷಯ. 1884ರಲ್ಲಿ, ದಕ್ಷಿಣ ಅಮೆರಿಕದ ರೈಲ್ವೆ ಕಾಮಗಾರಿಯ ಬಿಡಾರವೊಂದರಲ್ಲಿ ಹುಟ್ಟಿದವರು. 1905ರ ಹೊತ್ತಿಗೆ ಲಾಸ್ ಏಂಜಲೀಸಿನ ಥಾರ್ಪ್ ಎನ್‌ಗ್ರೇವಿಂಗ್ ಕಂಪನಿಯಲ್ಲಿ ಫೋಟೋಗ್ರಾಫರ್. ಅಲ್ಲಿನ ಕೆಲಸ ಕಟ್ಟಡ, ಜಮೀನು, ಸರಕುಗಳ ಫೋಟೋ ತೆಗೆದು ಅಚ್ಚಿಗೆ ಸಿದ್ಧಮಾಡುವುದು. ಫೋಟೋವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಲೋಹದ ತಗಡಿಗೆ ಇಳಿಸಿ, ಆಸಿಡ್‌ನಲ್ಲಿ ಕೊರೆದರೆ ಹಾಫ್‌ಟೋನ್ ಬ್ಲಾಕ್ ಸಿದ್ಧವಾಗುತ್ತದೆ. ಆದರೆ ತಗಡಿಗೆ ಹೋಗುವ ಮೊದಲು ಪ್ರತಿ ಫೋಟೋವೂ ತಿದ್ದುವವನ ಕೈ ದಾಟಿಯೇ ಹೋಗಬೇಕು. ಅಡ್ಡ ಬಂದ ತಂತಿ ಅಳಿಸಬೇಕು, ಮಂಕಾದ ಗೋಡೆ ಬೆಳಗಿಸಬೇಕು, ಇಲ್ಲದ ಮರ ನೆಡಬೇಕು. ವಾಸ್ತವವನ್ನು ಬಣ್ಣದ ಕುಂಚದಿಂದ ಸರಿಪಡಿಸುವುದು ಆ ಅಂಗಡಿಯಲ್ಲಿ ದಿನದ ಸಂಬಳದ ಕೆಲಸ.

ಮನೆಯೊಂದರ ಚಿತ್ರ ತೆಗೆಯಬೇಕಾಗಿ ಬಂದಾಗ ಎದುರಿಗೆ ಕಂಬವೊಂದು ಅಡ್ಡ ನಿಂತಿತ್ತಂತೆ. ಜೊತೆಯ ಕೆಲಸಗಾರ ಮ್ಯಾಕ್ಸ್ ಹ್ಯಾಂಡ್‌ಶೀಗಲ್ ಒಂದು ಉಪಾಯ ಹೇಳಿಕೊಟ್ಟರು. ಪ್ರಿಂಟ್ ತೆಗೆದ ಮೇಲೆ ತಿದ್ದುವ ಬದಲು, ಕ್ಯಾಮೆರಾಕ್ಕೂ ಮನೆಗೂ ನಡುವೆ ದೊಡ್ಡ ಗಾಜು ನಿಲ್ಲಿಸಿ, ಕಂಬ ಕಾಣುವ ಜಾಗದಲ್ಲಿ ಗಾಜಿನ ಮೇಲೆ ಮರ ಬರೆದುಬಿಟ್ಟರೆ ಫೋಟೋ ತಿದ್ದಿಕೊಂಡೇ ಹುಟ್ಟುತ್ತದೆ. ಈ ಹ್ಯಾಂಡ್‌ಶೀಗಲ್ ಮುಂದೆ ಮೂಕಿ ಚಿತ್ರಗಳಿಗೆ ಬಣ್ಣ ಅಚ್ಚುಹಾಕುವ ವಿಧಾನ ಕಂಡುಹಿಡಿದು ಹಾಲಿವುಡ್ಡಿನಲ್ಲಿ ಹೆಸರು ಮಾಡಿದರು. ಆ ವಿಧಾನದ ಬೇರೂ ಅಚ್ಚಿನ ಮನೆಯಲ್ಲೇ ಇತ್ತು.

ಉಪಾಯ ಚಿಕ್ಕದು. ಅದರ ಹರವು ಎಷ್ಟೆಂದು ಡಾನ್‌ಗೆ ಗೊತ್ತಾಯಿತು. 1906ರಲ್ಲಿ ಅವರು ಪ್ಯಾರಿಸ್ಸಿಗೆ ಹೋಗಿ ಮೆಲಿಯೆಸ್ ಅವರನ್ನು ಕಂಡರು, ಸಿನಿಮಾ ಕ್ಯಾಮೆರಾ ಕೊಂಡರು. 1907ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಸ್ಪ್ಯಾನಿಷ್ ಮಿಷನ್ನುಗಳ ಬಗ್ಗೆ ಕಿರುಚಿತ್ರ ಮಾಡಿದರು. ಆ ಚರ್ಚುಗಳು, ಅಂಗಳಗಳು ಆಗ ಪಾಳುಬಿದ್ದಿದ್ದವು. ಗೋಡೆ ಕುಸಿದು, ಚಾವಣಿ ಹೋಗಿ, ಕಮಾನುಗಳು ಬರಿದಾಗಿ ನಿಂತಿದ್ದವು. ಡಾನ್ ಆ ಅವಶೇಷಗಳ ಮುಂದೆ ಗಾಜು ನಿಲ್ಲಿಸಿ ಮುರಿದ ಗೋಡೆಗಳ ಮೇಲೆ ಸೂರು ಬರೆದರು, ಬಿದ್ದ ಗಂಟೆಗೋಪುರ ಎಬ್ಬಿಸಿದರು. ಪರದೆಯ ಮೇಲೆ ಮಿಷನ್ನುಗಳು ಕಟ್ಟಿದ ದಿನದಂತೆ ಕಂಡವು.

ಆ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ವಿದ್ಯೆಯ ಬೀಜ ಅಲ್ಲಿದೆ. ಕ್ಯಾಮೆರಾವನ್ನು ಕೂದಲೆಳೆಯಷ್ಟೂ ಅಲುಗದಂತೆ ನೆಲಕ್ಕೆ ಬಿಗಿಯಬೇಕು. ಅದರ ಮುಂದೆ ಕೆಲವು ಅಡಿ ದೂರದಲ್ಲಿ ಚೌಕಟ್ಟಿನಲ್ಲಿ ಗಾಜು. ಒಬ್ಬರು ಕ್ಯಾಮೆರಾದ ಕಣ್ಣಿನಿಂದ ನೋಡುತ್ತಾ ಹೇಳಬೇಕು, ಇನ್ನೊಬ್ಬರು ಗಾಜಿನ ಮೇಲೆ ಗುರುತು ಹಾಕಬೇಕು. ಹತ್ತಿರದ ಗಾಜೂ ದೂರದ ಗೋಡೆಯೂ ಒಟ್ಟಿಗೆ ಸ್ಪಷ್ಟವಾಗಿ ಮೂಡಬೇಕಾದ್ದರಿಂದ ಲೆನ್ಸಿನ ಕಿಂಡಿಯನ್ನು ತೀರ ಕಿರಿದು ಮಾಡಬೇಕು. ಹಾಗೆ ಮಾಡಿದರೆ ಬೆಳಕು ಸಾಲದು, ಆದ್ದರಿಂದ ಪ್ರಖರ ಬಿಸಿಲು ಬೇಕು. ಬಿಸಿಲಿದ್ದರೆ ಗಾಜಿನಲ್ಲಿ ಕ್ಯಾಮೆರಾದವನದೇ ಪ್ರತಿಬಿಂಬ ಕಾಣುತ್ತದೆ, ಅದಕ್ಕೆ ಹಿಂದುಗಡೆ ಕಪ್ಪು ಬಟ್ಟೆ ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ಸೂರ್ಯ. ಚಾವಣಿಯ ಕೆಳಗೆ ಬೀಳುವ ನೆರಳನ್ನು ಮಧ್ಯಾಹ್ನ ಮೂರು ಗಂಟೆಯ ಕೋನಕ್ಕೆ ಬರೆದಿದ್ದರೆ, ನಿಜವಾದ ಗೋಡೆಯ ನೆರಳು ಅದಕ್ಕೆ ಹೊಂದುವ ಆ ಸ್ವಲ್ಪ ಹೊತ್ತಿನಲ್ಲೇ ಚಿತ್ರೀಕರಣ ಮುಗಿಯಬೇಕು. ಹೊತ್ತು ಮೀರಿದರೆ ಸುಳ್ಳು ಸೂರಿನ ನೆರಳು ಒಂದು ದಿಕ್ಕಿಗೆ, ನಿಜ ಗೋಡೆಯ ನೆರಳು ಇನ್ನೊಂದು ದಿಕ್ಕಿಗೆ. ಬೆಳಿಗ್ಗೆ ಬಂದು ವೇಷ ಹಾಕಿದ ನಟರು ಕುಂಚದ ಕೆಲಸ ಮುಗಿಯುವ ತನಕ ಕಾಯುತ್ತಾ ಕೂರಬೇಕು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಸುಳ್ಳು ಸೂರು ನಿಲ್ಲುವುದು ನಿಜವಾದ ಸೂರ್ಯನನ್ನು ಅಳೆದಾಗ ಮಾತ್ರ. ಚಿತ್ರಕಾರನಾಗಿದ್ದರೆ ಸಾಲದು, ಎಷ್ಟು ಹೊತ್ತಿಗೆ ಬೆಳಕು ಎಲ್ಲಿರುತ್ತದೆ, ಯಾವ ಬಣ್ಣ ಆ ಕಾಲದ ಫಿಲ್ಮಿನ ಮೇಲೆ ಎಷ್ಟು ಕಪ್ಪಾಗಿ ಕಾಣುತ್ತದೆ ಎಂದು ತಿಳಿದ ಫೋಟೋಗ್ರಾಫರನೇ ಬೇಕು. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಗಾಜಿನ ಮೇಲೆ ಕಣ್ಣಿಗೆ ಒಪ್ಪುವ ಕೆಂಪು ಹೆಂಚು ಬರೆದರೆ ಪರದೆಯ ಮೇಲೆ ಕರಿ ಮಸಿ. ಆದ್ದರಿಂದ ಕಣ್ಣನ್ನು ನಂಬದೆ ಫಿಲ್ಮಿನ ಕಣ್ಣಿನಿಂದ ನೋಡಲು ಕಲಿಯಬೇಕಾಗಿತ್ತು. ಡಾರ್ಕ್‌ರೂಮಿನಲ್ಲಿ ಬೆಳೆದವರಿಗೆ ಇದು ಅಭ್ಯಾಸಬಲದಿಂದ ಬರುತ್ತದೆ.

ಕಾಯುವ ತೊಡಕನ್ನು ಡಾನ್ 1911ರ ಸುಮಾರಿಗೆ ಬಿಡಿಸಿಕೊಂಡರು. ಗಾಜಿನ ಮೇಲೆ ಸೂರು ಬರೆಯುವ ಬದಲು, ಸೂರು ಬರಬೇಕಾದ ಜಾಗಕ್ಕೆ ಬರಿ ಕಪ್ಪು ಬಣ್ಣ ಬಳಿದರು. ಕಪ್ಪಿನಿಂದ ಬೆಳಕು ಬಾರದು, ಹಾಗಾಗಿ ಫಿಲ್ಮಿನ ಆ ಭಾಗ ಮುಟ್ಟದ ಕನ್ಯೆಯಾಗಿ ಉಳಿಯುತ್ತದೆ. ನಟರ ಅಭಿನಯ ಕೆಳಗಿನ ಭಾಗದಲ್ಲಿ ಮೂಡುತ್ತದೆ, ಅವರು ಮನೆಗೆ ಹೋಗಬಹುದು. ಕೊನೆಯಲ್ಲಿ ಪರೀಕ್ಷೆಗೆಂದು ಕೆಲವು ಅಡಿ ಹೆಚ್ಚು ಚಿತ್ರೀಕರಿಸಿ ಅದನ್ನಷ್ಟೇ ಕತ್ತರಿಸಿ ತೊಳೆದು ನೋಡುವುದು. ಉಳಿದ ಫಿಲ್ಮನ್ನು ತೊಳೆಯದೆ, ಸುಪ್ತಬಿಂಬದ ಸ್ಥಿತಿಯಲ್ಲೇ ಕತ್ತಲಲ್ಲಿ ಕಾಪಾಡುವುದು. ಆಮೇಲೆ ಸ್ಟುಡಿಯೋದಲ್ಲಿ ಆ ಪರೀಕ್ಷೆಯ ತುಂಡಿನ ಒಂದು ಫ್ರೇಮನ್ನು ಕ್ಯಾಮೆರಾದ ಗೇಟಿಗೆ ಸಿಕ್ಕಿಸಿ, ಹಿಂದಿನಿಂದ ಬೆಳಕು ಹಾಯಿಸಿ, ಎದುರಿನ ಹಲಗೆಯ ಮೇಲೆ ಬಿಂಬ ಬೀಳಿಸಿ, ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಚಿತ್ರ ಬರೆಯುವುದು. ಈಗ ಕಪ್ಪು ಬಳಿಯುವುದು ನಟರಿದ್ದ ಜಾಗಕ್ಕೆ. ತೊಳೆಯದ ಫಿಲ್ಮನ್ನು ಹಿಂದಕ್ಕೆ ಸುತ್ತಿ ಅದೇ ಜಾಗದಿಂದ ಮತ್ತೆ ಓಡಿಸಿದರೆ ಎರಡು ಅರ್ಧಗಳು ಒಂದೇ ನೆಗೆಟಿವಿನಲ್ಲಿ ಕೂಡುತ್ತವೆ. ನಕಲಿನ ನಕಲು ಮಾಡುವ ಪ್ರಶ್ನೆಯೇ ಇಲ್ಲದ್ದರಿಂದ ಚಿತ್ರದ ಕಾಂತಿ ಕುಂದುವುದಿಲ್ಲ. ಆದರೆ ಎರಡನೇ ಸಲ ಕೈ ತಪ್ಪಿದರೆ ಮೊದಲಿನ ಅಭಿನಯವೂ ಹಾಳು.

ಎರಡು ಅರ್ಧಗಳು ಕೂಡುವ ಗೆರೆಯಲ್ಲಿ ನಡುಕ ಕಾಣಬಾರದೆಂದರೆ ಫಿಲ್ಮಿನ ಪ್ರತಿ ಫ್ರೇಮೂ ಎರಡು ಸಲವೂ ಒಂದೇ ಜಾಗದಲ್ಲಿ ನಿಲ್ಲಬೇಕು. 1912ರಲ್ಲಿ ಬಂದ ಬೆಲ್ ಅಂಡ್ ಹೋವೆಲ್ ಕ್ಯಾಮೆರಾದಲ್ಲಿ ಫಿಲ್ಮಿನ ತೂತುಗಳನ್ನು ಬಿಗಿಯಾಗಿ ಹಿಡಿಯುವ ಸ್ಥಿರವಾದ ಪಿನ್ನುಗಳಿದ್ದವು. ಇಂಥ ಕೆಲಸ ನೆಚ್ಚಿಕೊಳ್ಳುವಂತಾದದ್ದು ಅಲ್ಲಿಂದ ಮುಂದೆ. ಅಚ್ಚಿನವರಿಗೆ ಇದು ಹೊಸತೇ ಅಲ್ಲ. ಬಣ್ಣದ ಮುದ್ರಣದಲ್ಲಿ ಹಳದಿ, ಕೆಂಪು, ನೀಲಿ ಒಂದರ ಮೇಲೊಂದು ಕೂರಬೇಕು, ತುಸು ಜರುಗಿದರೂ ರಿಜಿಸ್ಟ್ರೇಷನ್ ಔಟ್ ಎಂದು ಮೆಷಿನ್‌ಮನ್ ಹಾಳೆ ಎಸೆಯುತ್ತಾನೆ.

1918ರಲ್ಲಿ ಡಾನ್‌ಗೆ ಈ ವಿಧಾನದ ಪೇಟೆಂಟ್ ಸಿಕ್ಕಿತು. ಕೆಲ ವರ್ಷಗಳ ಬಳಿಕ, ತಮ್ಮ ವಿಧಾನವನ್ನು ಕದ್ದರೆಂದು ಹಲವರ ಮೇಲೆ ದಾವೆ ಹೂಡಿದರು.  ಮರೆಮಾಡಿ ಎರಡು ಸಲ ಚಿತ್ರೀಕರಿಸುವುದು ಕಸುಬಿನಲ್ಲಿ ಮೊದಲಿನಿಂದಲೂ ಇತ್ತು ಎಂಬುದು ಪ್ರತಿವಾದಿಗಳ ವಾದ. ಡಾನ್ ಸೋತರು. ಅವರ ಶ್ರಮದ ಮೇಲೆ ನನಗೆ ಅಪಾರ ಗೌರವವಿದ್ದರೂ ಈ ಸೋಲಿನಿಂದ ಒಳ್ಳೆಯದೇ ಆಯಿತು ಎನ್ನುತ್ತೇನೆ. ಈ ವಿದ್ಯೆ ಲ ಗ್ರೇ ಕಾಲದಿಂದ ಕೈಯಿಂದ ಕೈಗೆ ಬಂದದ್ದು. ಒಬ್ಬರ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರೆ ಮುಂದಿನ ಮೂವತ್ತು ವರ್ಷ ಹಾಲಿವುಡ್ ಕಟ್ಟಿದ ಕೋಟೆ ಕೊತ್ತಲಗಳೆಲ್ಲ ಬಡವಾಗುತ್ತಿದ್ದವು.

ಅವರ ಕೆಲಸದಲ್ಲಿ ನನಗೆ ಬಹಳ ಪ್ರಿಯವಾದದ್ದು ಆಸ್ಟ್ರೇಲಿಯಾದ ಅಧ್ಯಾಯ. ಮಾರ್ಕಸ್ ಕ್ಲಾರ್ಕ್ ಬರೆದ ಕೈದಿಗಳ ಕಾದಂಬರಿಯನ್ನು ಅವರು ಚಿತ್ರ ಮಾಡಿದರು, 1927ರಲ್ಲಿ ತೆರೆಕಂಡಿತು. ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಬ್ರಿಟಿಷರು ಕೈದಿಗಳನ್ನು ಇಟ್ಟಿದ್ದ ಸೆರೆಮನೆ ಆಗ ಪಾಳುಬಿದ್ದಿತ್ತು. ಇಪ್ಪತ್ತು ವರ್ಷ ಹಿಂದೆ ಮಿಷನ್ನುಗಳಿಗೆ ಮಾಡಿದ್ದನ್ನೇ ಡಾನ್ ಅಲ್ಲಿ ಮಾಡಿದರು. ಸುಟ್ಟುಹೋದ ಕಟ್ಟಡದ ಮೊಂಡುಗೋಡೆಗಳ ಮೇಲೆ ಗಾಜಿನ ಸೂರು ಕೂರಿಸಿದರು. ಕಥೆ ನಡೆದ ಜಾಗದಲ್ಲೇ, ಅದೇ ಕಲ್ಲುಗಳ ನಡುವೆ ನಟರು ನಡೆದಾಡುತ್ತಾರೆ, ಮೇಲಿನದಷ್ಟೇ ಬಣ್ಣ. ಇಡೀ ಸೆರೆಮನೆಯನ್ನು ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟಿದ್ದರೆ ಈ ಗುಣ ಬರುತ್ತಿರಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಧುಂಡಿರಾಜ ಗೋವಿಂದ ಫಾಲ್ಕೆ 1870ರಲ್ಲಿ ನಾಸಿಕದ ಬಳಿಯ ತ್ರ್ಯಂಬಕದಲ್ಲಿ, ಸಂಸ್ಕೃತ ಪಂಡಿತರ ಮನೆಯಲ್ಲಿ ಹುಟ್ಟಿದರು. ಭಾರತೀಯ ಚಿತ್ರರಂಗದ ಪಿತಾಮಹ ಎಂಬ ಬಿರುದಿನಡಿ ನಾವು ಅವರನ್ನು ನೋಡುತ್ತೇವೆ. 1913ರ ‘ರಾಜಾ ಹರಿಶ್ಚಂದ್ರ’ ಬರುವ ಹೊತ್ತಿಗೆ ಅವರಿಗೆ ನಲವತ್ತಮೂರು ವರ್ಷ. ಅಷ್ಟು ವರ್ಷ ಅವರು ಏನು ಮಾಡುತ್ತಿದ್ದರು ಎಂದು ಕೇಳುವವರು ಕಡಿಮೆ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದರು. ಬರೋಡಾದ ಕಲಾಭವನದಲ್ಲಿ ಫೋಟೋಗ್ರಫಿಯ ಜೊತೆಗೆ ಹಾಫ್‌ಟೋನ್ ಬ್ಲಾಕ್, ಫೋಟೋಲಿಥೋ ಕಲಿತರು; ಪ್ರಾಂಶುಪಾಲ ಟಿ.ಕೆ. ಗಜ್ಜರ್ ಫಾಲ್ಕೆಯವರನ್ನು ಮೂರು ಬಣ್ಣದ ಬ್ಲಾಕಿನ ಕೆಲಸ ಕಲಿಯಲೆಂದು ರತ್ಲಾಮಿಗೆ ಕಳಿಸಿದರು. ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ತೆರೆದರು. ಪ್ಲೇಗ್ ಬಂದು ಮೊದಲ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡರು. ಬರೋಡಾದಲ್ಲಿ ಮತ್ತೆ ಸ್ಟುಡಿಯೋ ಹಾಕಿದಾಗ, ಫೋಟೋ ತೆಗೆಸಿಕೊಂಡರೆ ಮೈಯ ಶಕ್ತಿ ಸೋರಿಹೋಗುತ್ತದೆ ಎಂಬ ವದಂತಿಗೆ ಗಿರಾಕಿಗಳು ಹೆದರಿದರು. ನಾಟಕದ ಪರದೆ ಬರೆದರು. ಜಾದೂ ಕಲಿತು, ಹೆಸರಿನ ಅಕ್ಷರ ತಿರುಗಿಸಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಲ್ಲಿ ಪ್ರದರ್ಶನ ಕೊಟ್ಟರು. 1903ರಲ್ಲಿ ಪುರಾತತ್ವ ಇಲಾಖೆಯಲ್ಲಿ ಫೋಟೋಗ್ರಾಫರ್ ಮತ್ತು ನಕ್ಷೆಗಾರರಾದರು. ಅಲ್ಲಿಂದ ಬಿಟ್ಟು ಲೋಣಾವಳದಲ್ಲಿ ಎನ್‌ಗ್ರೇವಿಂಗ್ ಮತ್ತು ಮುದ್ರಣದ ಘಟಕ ತೆರೆದು ರವಿವರ್ಮ ಪ್ರೆಸ್ಸಿಗೆ ಫೋಟೋಲಿಥೋ ಕೆಲಸ ಮಾಡಿಕೊಟ್ಟರು. 1909ರಲ್ಲಿ ಬಣ್ಣದ ಮುದ್ರಣದ ಯಂತ್ರಕ್ಕಾಗಿ ಜರ್ಮನಿಗೆ ಹೋಗಿಬಂದರು.

ಈ ಪಟ್ಟಿಯನ್ನು ಕೇಳಿದವರು ಅಯ್ಯೋ, ಒಂದರಲ್ಲೂ ನಿಲ್ಲದ ಮನುಷ್ಯ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಬ್ಲಾಕ್, ಲಿಥೋ, ಪರದೆ, ಜಾದೂ, ಪಾಳುಗುಡಿಗಳ ದಾಖಲೆ, ಇದರಲ್ಲಿ ಯಾವುದು ವ್ಯರ್ಥವಾಯಿತು ಹೇಳಿ? ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ನಮ್ಮ ಕನ್ನಡನಾಡಿನ ದೇವರಮನೆಗಳಿಗೂ ಬಂದು ನೆಲೆಸಿದವರು. ದೇವರು ನೋಡಲು ಹೀಗಿರಬೇಕು ಎಂದು ಒಂದು ತಲೆಮಾರಿನ ಕಣ್ಣಿಗೆ ಆ ಬಣ್ಣದ ಹಾಳೆಗಳು ಕಲಿಸಿದ್ದವು. ಆ ಹಾಳೆಗಳ ಕೆಲಸದ ಒಳಹೊರಗು ಬಲ್ಲ ಕೈಯೇ ಮುಂದೆ ಪರದೆಯ ಮೇಲೆ ದೇವರನ್ನು ತಂದಿತು.

1911ರಲ್ಲಿ ಫಾಲ್ಕೆ ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಚಿತ್ರ ನೋಡಿದರು; ಡಾನ್ ಕಪ್ಪು ಬಣ್ಣದ ವಿಧಾನ ಕಂಡುಕೊಂಡದ್ದೂ ಆ ಹೊತ್ತಿಗೇ. ಒಬ್ಬರಿಗೆ ಇನ್ನೊಬ್ಬರ ಗುರುತಿಲ್ಲ, ಬಂದದ್ದು ಒಂದೇ ಬಗೆಯ ಅಂಗಡಿಯಿಂದ. ತಾವೂ ಸಿನಿಮಾ ತೆಗೆಯಬೇಕೆಂದು ಫಾಲ್ಕೆ ವಿಮೆಯ ಪಾಲಿಸಿ ಅಡವಿಟ್ಟು 1912ರ ಆರಂಭದಲ್ಲಿ ಲಂಡನ್ನಿಗೆ ಹೋದರು. ಚಿತ್ರನಿರ್ಮಾಪಕ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋ ನೋಡಿ, ವಿಲಿಯಮ್ಸನ್ ಕ್ಯಾಮೆರಾ ಕೊಂಡು ಮರಳಿದರು. ಬಂದವರೇ ಮೊದಲು ತೆಗೆದದ್ದು ದೇವರ ಚಿತ್ರವನ್ನಲ್ಲ. ಕುಂಡದಲ್ಲಿ ಕಾಳು ಬಿತ್ತಿ, ಎದುರಿಗೆ ಕ್ಯಾಮೆರಾ ಬಿಗಿದು, ದಿನದಿನವೂ ಬಿಡಿ ಬಿಡಿ ಫ್ರೇಮು ತೆಗೆಯುತ್ತಾ ಹೋದರು. ‘ಅಂಕುರಾಚಿ ವಾಢ’, ಅಂದರೆ ಮೊಳಕೆಯ ಬೆಳವಣಿಗೆ. ಕೆಲವೇ ಕ್ಷಣಗಳಲ್ಲಿ ಮೊಳಕೆಯೊಡೆದು ಬಳ್ಳಿಯಾಗುವುದನ್ನು ಕಂಡು ಹಣ ಹಾಕುವವರು ಮುಂದೆ ಬಂದರು. ಸ್ಟಿಲ್ ಫೋಟೋಗ್ರಾಫರನ ತಾಳ್ಮೆಯ ಕೆಲಸ ಅದು. ಭಾರತದ ಸಿನಿಮಾ ಚರಿತ್ರೆಯ ಮೊದಲ ಪುಟದಲ್ಲಿ ಒಂದು ವಿಷುಯಲ್ ಎಫೆಕ್ಟ್ ಇದೆ, ಅದರಲ್ಲಿ ನಟರಿಲ್ಲ, ಜಾದೂ ಇಲ್ಲ, ಕಾಲವನ್ನು ಅಳೆದು ಹಿಡಿದ ಕ್ಯಾಮೆರಾ ಒಂದೇ ಇದೆ.

ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ತೂತಿಲ್ಲದ ಕಚ್ಚಾ ಫಿಲ್ಮಿಗೆ ಕತ್ತಲಕೋಣೆಯಲ್ಲಿ ಕೂತು ತೂತು ಹಾಕಿದವರು ಅವರು. ರಾಸಾಯನಿಕ ಬೆರೆಸಿದರು, ಬಿಸಿಲಲ್ಲಿ ಬಿಳಿ ಬಟ್ಟೆ ಹಿಡಿದು ನಟರ ಮುಖಕ್ಕೆ ಬೆಳಕು ತಿರುಗಿಸಿದರು, ಇಡೀ ತಂಡಕ್ಕೆ ಅಡುಗೆಯನ್ನೂ ಮಾಡಿದರು. ತೂತು ಒಂದಿಷ್ಟು ಸೊಟ್ಟಗಾದರೆ ಪರದೆಯ ಮೇಲೆ ಚಿತ್ರ ಕುಣಿಯುತ್ತದೆ. ಎರಡು ಸಲ ಓಡಿಸುವ ಚಮತ್ಕಾರದೃಶ್ಯವಾದರೆ ಮುಗಿದೇಹೋಯಿತು. ಹಾಲಿವುಡ್ಡಿನಲ್ಲಿ ಉಕ್ಕಿನ ಪಿನ್ನು ಮಾಡಿದ ಕೆಲಸವನ್ನು ದಾದರ್‌ನ ಮನೆಯಲ್ಲಿ ಒಬ್ಬ ಹೆಣ್ಣುಮಗಳ ಬೆರಳು ಮಾಡಿತು.

‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು. 1917ರ ‘ಲಂಕಾದಹನ’ದಲ್ಲಿ ನಟ ಅಣ್ಣಾ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. 1919ರ ‘ಕಾಳಿಯಮರ್ದನ’ದಲ್ಲಿ ಫಾಲ್ಕೆಯವರ ಮಗಳು ಮಂದಾಕಿನಿ ಬಾಲಕೃಷ್ಣ. ಆ ಚಿತ್ರದ ಆರಂಭದಲ್ಲಿ ಮಂದಾಕಿನಿಯ ಮುಖವನ್ನು ಹತ್ತಿರದಿಂದ ತೋರಿಸುತ್ತಾರೆ. ಹುಡುಗಿ ಒಂದೊಂದೇ ಭಾವ ಅಭಿನಯಿಸುತ್ತಾಳೆ, ಆಮೇಲೆ ಕೃಷ್ಣನಾಗುತ್ತಾಳೆ. ಇವಳು ಹುಡುಗಿ, ಇದು ಅಭಿನಯ ಎಂದು ಮೊದಲೇ ತೋರಿಸಿಕೊಟ್ಟು, ಆಮೇಲೆ ನೀರಿನಡಿಯಲ್ಲಿ ಹಾವಿನೊಡನೆ ಸೆಣಸುವ ದೇವರನ್ನು ನಂಬಿಸುವ ಧೈರ್ಯ ಅದು. ‘ಚಿತ್ರಪಟ ಹೇಗೆ ತಯಾರಾಗುತ್ತದೆ’ ಎಂಬ ವಿಷಯದ ಮೇಲೆಯೇ ಅವರು ಒಂದು ಕಿರುಚಿತ್ರ ಮಾಡಿದ್ದರು. ಗುಟ್ಟು ಬಿಟ್ಟುಕೊಟ್ಟರೆ ಬೆರಗು ಕಡಿಮೆಯಾಗುತ್ತದೆ ಎಂದು ಅವರು ಹೆದರಲಿಲ್ಲ.

ಇದೇ ದಾರಿಯಲ್ಲಿ ಬಂದ ನಮ್ಮವರೊಬ್ಬರ ಹೆಸರು ಹೇಳಬೇಕು. ಬಿ.ಎಸ್. ರಂಗಾ ಸ್ಟಿಲ್ ಫೋಟೋಗ್ರಫಿಯಿಂದ ಶುರುಮಾಡಿ ಛಾಯಾಗ್ರಾಹಕರಾಗಿ, ನಿರ್ದೇಶಕರಾಗಿ, ಮದ್ರಾಸಿನಲ್ಲಿ ವಿಕ್ರಂ ಸ್ಟುಡಿಯೋ ಕಟ್ಟಿದವರು. 1964ರಲ್ಲಿ ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಕೊಟ್ಟವರು ಎಂದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ‘ಮಹಿಷಾಸುರ ಮರ್ದಿನಿ’, ‘ದಶಾವತಾರ’ ಮಾಡಿದವರು ಎಂಬುದು ನನ್ನ ಮಟ್ಟಿಗೆ ಅಷ್ಟೇ ಮುಖ್ಯ. ಪುರಾಣಚಿತ್ರ ಎಂದರೆ ಅಂದಿನ ಭಾಷೆಯಲ್ಲಿ ಟ್ರಿಕ್ ಫೋಟೋಗ್ರಫಿ. ಪತ್ರಿಕೆಯ ಫೋಟೋಗ್ರಾಫರ್ ಆಗಿದ್ದ ಮಾರ್ಕಸ್ ಬಾರ್ಟ್ಲಿ ಕೂಡ ಹೀಗೆಯೇ ಬಂದು 1957ರ ‘ಮಾಯಾಬಜಾರ್’ನ ಬೆಳದಿಂಗಳನ್ನು ಸೃಷ್ಟಿಸಿದರು. ಘಟೋತ್ಕಚನ ಊಟದ ದೃಶ್ಯಕ್ಕೆ ನಕ್ಕವರೆಲ್ಲ ಆ ದೋಣಿವಿಹಾರದ ಬೆಳದಿಂಗಳನ್ನು ನಿಜವೆಂದೇ ತಿಳಿದರು. ಚಮತ್ಕಾರ ಎಂದು ಕಾಣದ ಚಮತ್ಕಾರವೇ ಕಷ್ಟದ್ದು.

ಕಂಪ್ಯೂಟರ್ ಬಂದ ಮೇಲೆ ಈ ಸಂಬಂಧ ಕಡಿದುಹೋಯಿತೇ? ನನಗೆ ಹಾಗೆ ಕಾಣುವುದಿಲ್ಲ. ಮಿಷಿಗನ್‌ನ ಪ್ರಾಧ್ಯಾಪಕರೊಬ್ಬರ ಮನೆಯ ನೆಲಮಾಳಿಗೆಯಲ್ಲಿ ಡಾರ್ಕ್‌ರೂಮ್ ಇತ್ತು. ಅಲ್ಲಿ ಪ್ರಿಂಟ್ ತೊಳೆಯುತ್ತಾ ಬೆಳೆದ ಇಬ್ಬರು ಮಕ್ಕಳು ಥಾಮಸ್ ನೋಲ್ ಮತ್ತು ಜಾನ್ ನೋಲ್. ಥಾಮಸ್ 1987ರಲ್ಲಿ ಬೂದು ಛಾಯೆಗಳ ಚಿತ್ರವನ್ನು ಕಂಪ್ಯೂಟರಿನ ಪರದೆಯ ಮೇಲೆ ತೋರಿಸುವ ಸಣ್ಣ ಪ್ರೋಗ್ರಾಂ ಬರೆದರು. ಜಾನ್ ಆಗ ‘ಸ್ಟಾರ್ ವಾರ್ಸ್’ನ ಎಫೆಕ್ಟ್ಸ್ ಸಂಸ್ಥೆ ಐಎಲ್‌ಎಂನಲ್ಲಿದ್ದರು. ಇಬ್ಬರೂ ಕೂಡಿ ಬೆಳೆಸಿದ ಆ ಪ್ರೋಗ್ರಾಂ 1990ರಲ್ಲಿ ಫೋಟೋಶಾಪ್ ಎಂದು ಮಾರುಕಟ್ಟೆಗೆ ಬಂತು. ತಿದ್ದುವವನ ಮೇಜು, ಕುಂಚ, ಮರೆಮಾಡುವ ಕಾಗದ, ಗಾಜಿನ ಪದರ ಎಲ್ಲವೂ ಕ್ರಮೇಣ ಪೆಟ್ಟಿಗೆಯೊಳಗೆ ಹೋಗಿ ಕೂತವು. ಜಾನ್ ನೋಲ್ ಮುಂದೆ ಎಫೆಕ್ಟ್ಸ್ ಮೇಲ್ವಿಚಾರಕರಾಗಿ ಆಸ್ಕರ್ ಪಡೆದರು. ಮದುವೆಯ ಆಲ್ಬಂ ತಿದ್ದುವ ನಮ್ಮ ತಾಲ್ಲೂಕಿನ ಹುಡುಗನೂ ಬಾಹ್ಯಾಕಾಶದ ಯುದ್ಧ ಕಟ್ಟುವವರೂ ಒಂದೇ ಉಪಕರಣ ಹಿಡಿದದ್ದು ಆಕಸ್ಮಿಕವಲ್ಲ.

ಇಂದು ದೊಡ್ಡ ಚಿತ್ರಗಳ ಸೆಟ್ಟಿನಲ್ಲಿ ಶಾಟ್ ಮುಗಿದ ಕೂಡಲೇ ಒಬ್ಬರು ಓಡಿಬಂದು, ನಟ ನಿಂತಿದ್ದ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಗೋಳವನ್ನೂ ಬೂದು ಬಣ್ಣದ ಇನ್ನೊಂದು ಗೋಳವನ್ನೂ ಹಿಡಿದು ನಿಲ್ಲುತ್ತಾರೆ. ಹೊಳೆಯುವ ಗೋಳದಲ್ಲಿ ಸುತ್ತಣ ಬೆಳಕಿನ ಮೂಲಗಳೆಲ್ಲ ಕಾಣುತ್ತವೆ. ಬೂದು ಗೋಳದಲ್ಲಿ ನೆರಳು ಎಷ್ಟು ಗಾಢ, ಯಾವ ಬಣ್ಣದ್ದು ಎಂದು ತಿಳಿಯುತ್ತದೆ. ಅದೇ ಜಾಗದಿಂದ ಕಡಿಮೆ ಬೆಳಕಿನಿಂದ ಹೆಚ್ಚು ಬೆಳಕಿನ ತನಕ ಸಾಲಾಗಿ ಸ್ಟಿಲ್ ಫೋಟೋ ತೆಗೆದು, ಆ ಬೆಳಕಿನ ನಕ್ಷೆಯನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಲೆನ್ಸ್ ಯಾವುದು, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಎಷ್ಟು ವಾಲಿತ್ತು, ಹೊತ್ತು ಎಷ್ಟಾಗಿತ್ತು ಎಂದು ಬರೆದುಕೊಳ್ಳುತ್ತಾರೆ. ಬೆಂಗಳೂರು, ಹೈದರಾಬಾದು, ಚೆನ್ನೈಗಳ ಸ್ಟುಡಿಯೋಗಳಲ್ಲಿ ನೂರಾರು ಯುವಕ ಯುವತಿಯರು ಹಗಲಿರುಳು ಕೂತು ಅಂಚು ಬಿಡಿಸುತ್ತಾರೆ, ಹಗ್ಗ ಅಳಿಸುತ್ತಾರೆ, ಅರಮನೆಗೆ ಮೇಲಂತಸ್ತು ಕೂರಿಸುತ್ತ ಇರುತ್ತಾರೆ. ಚಿತ್ರದ ಕೊನೆಯಲ್ಲಿ ಅವರ ಹೆಸರು ಓಡುವ ಹೊತ್ತಿಗೆ ನಾವು ಎದ್ದು ಬಾಗಿಲ ಹತ್ತಿರ ಇರುತ್ತೇವೆ. ಆ ಮಕ್ಕಳಲ್ಲಿ ಅನೇಕರಿಗೆ ಸಾಫ್ಟ್‌ವೇರಿನ ಗುಂಡಿಗಳು ಬಾಯಿಪಾಠ, ಆದರೆ ಒಂದು ಮರದ ನೆರಳನ್ನು ಬೆಳಿಗ್ಗೆಯಿಂದ ಸಂಜೆಯ ತನಕ ನೋಡಲು ಯಾರೂ ಬಿಡುವು ಕೊಟ್ಟಿಲ್ಲ. ಈ ವಿದ್ಯೆ ಕಲಿಸುವ ಶಾಲೆಗಳು ಮೊದಲ ಆರು ತಿಂಗಳು ಮಕ್ಕಳ ಕೈಗೆ ಬರಿಯ ಸ್ಟಿಲ್ ಕ್ಯಾಮೆರಾ ಕೊಡಬೇಕು ಎಂದು ನಾನು ಒತ್ತಾಯದಿಂದ ಹೇಳುತ್ತೇನೆ.

ಕೊನೆಗೆ ಡಾನ್ ಅವರ ಕಾರ್ಡುಗಳ ವಿಷಯ. ಅವರು 1975ರಲ್ಲಿ, ತೊಂಬತ್ತು ದಾಟಿ ತೀರಿಕೊಂಡರು. ತಮ್ಮ ವೃತ್ತಿಯ ಉದ್ದಕ್ಕೂ ಮಾಡಿದ ಎಫೆಕ್ಟುಗಳನ್ನು ಅವರು ಲೆಕ್ಕ ಇಟ್ಟಿದ್ದರು: 861. ಅವುಗಳಲ್ಲಿ ಹಲವುಗಳ ವಿವರವನ್ನು ದೊಡ್ಡ ಕಾರ್ಡುಗಳ ಮೇಲೆ ಜೋಡಿಸಿದರು. ಒಂದೊಂದರಲ್ಲೂ ದೃಶ್ಯದ ವರ್ಣಚಿತ್ರ, ಕ್ಯಾಮೆರಾ ಮತ್ತು ಗಾಜು ಎಲ್ಲಿದ್ದವು ಎಂಬ ನಕ್ಷೆ, ಸ್ಟಿಲ್ ಫೋಟೋ, ಫಿಲ್ಮಿನ ತುಣುಕು, ಕ್ಯಾಮೆರಾದ ಟಿಪ್ಪಣಿ ಇವೆ. ಉಳಿದಿರುವ ಕಾರ್ಡುಗಳು ಈಗ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿವೆ. ಆ ಕಾಲದ ಮೂಕಿಚಿತ್ರಗಳು ಎಷ್ಟೋ ನಾಶವಾಗಿವೆ. ಸಿನಿಮಾ ಹೋದರೂ ಅದನ್ನು ಹೇಗೆ ಮಾಡಿದರು ಎಂಬುದು ಉಳಿದಿದೆ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ನಾಲ್ಕು ರೀಲುಗಳೂ ಪೂರ್ತಿಯಾಗಿ ನಮಗೆ ದಕ್ಕಿಲ್ಲ, ವಿಶ್ವಾಮಿತ್ರನ ಮಾಯೆಯನ್ನು ಅಂಗಳದಲ್ಲಿ ಹೇಗೆ ಕಟ್ಟಿದರು ಎಂದು ಬರೆದ ಕಾರ್ಡೂ ಇಲ್ಲ. ಕೆಲಸ ಕಲಿಸುವಾಗ ಬಾಯಿಮಾತಿನಲ್ಲಿ ಹೇಳಿ, ಶಿಷ್ಯನ ಕೈಯಲ್ಲಿ ಬಿಟ್ಟುಹೋಗುವ ನಮ್ಮ ರೂಢಿಗೆ ತನ್ನದೇ ಘನತೆ ಇದೆ. ಶಿಷ್ಯನಿಲ್ಲದಿದ್ದರೆ ಮಾತ್ರ ಅದು ಗುರುವಿನೊಂದಿಗೇ ಹೋಗುತ್ತದೆ.

ಆದ್ದರಿಂದ ಈ ಉಪನ್ಯಾಸದ ದತ್ತಿಯನ್ನು ನಡೆಸುವವರಲ್ಲಿ ನನ್ನ ಒಂದು ವಿನಂತಿ. ಕನ್ನಡದ ಪುರಾಣಚಿತ್ರಗಳಿಗೆ, ಜಾನಪದ ಚಿತ್ರಗಳಿಗೆ ದುಡಿದ ಕ್ಯಾಮೆರಾ ಸಹಾಯಕರು, ಸೆಟ್ ಕಟ್ಟಿದವರು, ಲ್ಯಾಬಿನಲ್ಲಿ ಫಿಲ್ಮ್ ತೊಳೆದವರು, ಪೋಸ್ಟರಿಗೆ ಬ್ಲಾಕ್ ಮಾಡಿದವರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಪ್ರತಿವರ್ಷ ಒಂದು ಉಪನ್ಯಾಸದ ಜೊತೆಗೆ ಅವರಲ್ಲಿ ಇಬ್ಬರನ್ನಾದರೂ ಕೂರಿಸಿಕೊಂಡು ಮಾತಾಡಿಸಿ, ದೃಶ್ಯಕ್ಕೊಂದು ಕಾರ್ಡಿನಂತೆ ಬರೆದಿಡಬೇಕು. ನಟರ ನೆನಪು, ನಿರ್ಮಾಪಕರ ಕಷ್ಟ ಈಗಾಗಲೇ ಸಾಕಷ್ಟು ದಾಖಲಾಗಿದೆ. ಇಲ್ಲಿ ಕೇಳಬೇಕಾದ್ದು ಬೇರೆ: ಕ್ಯಾಮೆರಾ ಎಲ್ಲಿತ್ತು, ಬೆಳಕು ಯಾವ ಕಡೆಯಿಂದ, ಫಿಲ್ಮನ್ನು ಎಷ್ಟು ಸಲ ಹಿಂದಕ್ಕೆ ಸುತ್ತಿದಿರಿ, ಮರೆಮಾಡಲು ಏನು ಬಳಸಿದಿರಿ, ಆ ಉಪಾಯ ನಿಮಗೆ ಹೇಳಿಕೊಟ್ಟವರು ಯಾರು, ಅವರು ಅದಕ್ಕೂ ಮೊದಲು ಯಾವ ಸ್ಟುಡಿಯೋದಲ್ಲಿ, ಯಾವ ಪ್ರೆಸ್ಸಿನಲ್ಲಿ ಕೆಲಸ ಮಾಡಿದ್ದರು. ಇಂಥ ಪ್ರಶ್ನೆಗಳ ಕರಡೊಂದನ್ನು ಸಿದ್ಧಪಡಿಸಿ ತಂದಿದ್ದೇನೆ. ಅದನ್ನು ಈ ಸಭೆಯ ಅಧ್ಯಕ್ಷರ ಕೈಗೆ ಕೊಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಅಂಥ ಹಿರಿಯರ ಪರಿಚಯವಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಂಡು ಅವರ ಊರು ಹೇಳಿ.